ತಿಕಾಲ್ ನೋಡಲು ಹೊರಟವರಿಗೆ: ಒಂದೇ ಊರು, ಎರಡು ದಿನ

ಮಾಯಾ ಜನರ ಹಳೆಯ ಊರುಗಳನ್ನು ನೋಡಬೇಕು ಅಂತ ಆಸೆ ಇರುವವರು ಸಾಮಾನ್ಯವಾಗಿ ಒಂದು ವಾರದಲ್ಲಿ ಐದಾರು ಜಾಗ ಮುಗಿಸುವ ಪಟ್ಟಿ ಹಾಕುತ್ತಾರೆ. ನನ್ನ ಸಲಹೆ ಬೇರೆ. ಒಂದೇ ಊರು ಹಿಡಿಯಿರಿ. ಅದಕ್ಕೆ ಎರಡು ದಿನ ಕೊಡಿ. ಆ ಊರು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಉತ್ತರದಲ್ಲಿ, ಪೆಟೆನ್ ಕಾಡಿನ ನಡುವೆ ಇರುವ ತಿಕಾಲ್ ಆಗಲಿ.

ಕಾರಣ ಇದೆ. ತಿಕಾಲ್‌ನಲ್ಲಿ ಕಾಣುವ ಗುಡಿಗಳಿಗಿಂತ ಕಾಣದ ಗುಡಿಗಳೇ ಜಾಸ್ತಿ. ಊರಿನ ನಡುಭಾಗದ 16 ಚದರ ಕಿಲೋಮೀಟರ್‌ನಲ್ಲೇ ಸುಮಾರು 3,000 ಕಟ್ಟಡಗಳ ಗುರುತು ಸಿಕ್ಕಿದೆ. ಅವುಗಳಲ್ಲಿ ಬಹುಪಾಲು ಇವತ್ತಿಗೂ ಮಣ್ಣು, ಮರ, ಬೇರುಗಳ ಕೆಳಗಿವೆ. ಅವನ್ನು ಗುರುತಿಸಲು ಕಣ್ಣು ಪಳಗಬೇಕು. ಅರ್ಧ ದಿನದ ಪ್ರವಾಸದಲ್ಲಿ ಅದು ಆಗುವುದಿಲ್ಲ.

ಮೊದಲು ತಿಂಗಳು ಆರಿಸಿ

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಮಾರ್ಚ್ ಕೊನೆಯ ಹೊತ್ತಿಗೆ ಬಿಸಿಲು ವಿಪರೀತ ಏರುತ್ತದೆ, ಹಾಗಾಗಿ ಫೆಬ್ರವರಿ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಹವೆ ತಂಪಾಗಿರುತ್ತದೆ, ಆದರೆ ಬೆಳಗಿನ ಮಂಜು ದಟ್ಟ. ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಆಗ ಹೋಗಬಾರದು ಅಂತೇನಿಲ್ಲ. ಕಾಡು ಹಸಿರಾಗಿರುತ್ತದೆ, ಜನ ಕಡಿಮೆ. ಕಲ್ಲುಗಳು ಮಾತ್ರ ಪಾಚಿ ಕಟ್ಟಿ ಜಾರುತ್ತವೆ.

ಕಾಗದಪತ್ರ, ವಿಮಾನ

ಭಾರತದಿಂದ ಗ್ವಾಟೆಮಾಲಾಕ್ಕೆ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವುದಾದರೆ, ವಿಮಾನ ಬದಲಿಸಲು ಮಾತ್ರ ಇಳಿದರೂ ಅಲ್ಲಿನ ವೀಸಾ ಬೇಕೇ ಬೇಕು. ಯುರೋಪ್ ಮೂಲಕ ಹೋಗುವವರು ಇಳಿಯುವ ದೇಶದ ನಿಯಮ ನೋಡಿಕೊಳ್ಳಬೇಕು. ಗ್ವಾಟೆಮಾಲಾದ ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ತೆಗೆಯುವ ಮುಂಚೆಯೇ ಆ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಪನಾಮಾ ದೇಶ ಹಳದಿ ಜ್ವರದ ಪಟ್ಟಿಯಲ್ಲಿದೆ. ಆ ದಾರಿಯಲ್ಲಿ ಹೋಗಿ ಬರುವವರಿಗೆ ಭಾರತಕ್ಕೆ ಮರಳುವಾಗ ಲಸಿಕೆಯ ಕಾರ್ಡ್ ಕೇಳಬಹುದು. ಲಸಿಕೆ ಹಾಕಿಸಿಕೊಂಡ 10 ದಿನದ ನಂತರವೇ ಆ ಕಾರ್ಡ್ ಊರ್ಜಿತ. ಕೊನೆಯ ವಾರಕ್ಕೆ ಬಿಡಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದೆಲ್ಲ ಸುಲಭ. ಹ್ಯೂಸ್ಟನ್, ಮಯಾಮಿ, ಲಾಸ್ ಏಂಜಲೀಸ್‌ನಿಂದ ಗ್ವಾಟೆಮಾಲಾ ಸಿಟಿಗೆ ನೇರ ವಿಮಾನಗಳಿವೆ. ಒಂದು ವಾರದ ರಜೆ ಸಾಕು.

ಗ್ವಾಟೆಮಾಲಾ ಸಿಟಿಯಿಂದ ತಿಕಾಲ್‌ಗೆ ಹತ್ತಿರದ ಊರಾದ ಫ್ಲೋರೆಸ್‌ಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ರಾತ್ರಿ ಬಸ್ಸೂ ಇದೆ, ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಬಸ್ಸಿನಲ್ಲಿ ಎ.ಸಿ. ಚಳಿ ಕೊರೆಯುತ್ತದೆ, ಒಂದು ಶಾಲು ಕೈಯಲ್ಲಿರಲಿ. ಬೆಲೀಜ್ ಕಡೆಯಿಂದ ಬರುವವರು ಮೆಲ್ಚೋರ್ ದೆ ಮೆಂಕೋಸ್ ಗಡಿ ದಾಟಿ ರಸ್ತೆಯಲ್ಲೇ ಬರಬಹುದು.

ಎಲ್ಲಿ ಉಳಿಯುವುದು

ಮೂರು ಆಯ್ಕೆಗಳಿವೆ. ಮೊದಲನೆಯದು ಫ್ಲೋರೆಸ್, ಸರೋವರದ ನಡುವಿನ ಪುಟ್ಟ ದ್ವೀಪ. ಪಕ್ಕದ ಸಾಂತಾ ಎಲೆನಾಕ್ಕೆ ಸೇತು ರಸ್ತೆ ಇದೆ. ಅಲ್ಲಿಂದ ತಿಕಾಲ್‌ಗೆ 65 ಕಿ.ಮೀ., ಒಂದೂವರೆ ಗಂಟೆ. ದಾರಿಯ ನಡುವೆ ಎಲ್ ರೆಮಾತೆ ಎಂಬ ಹಳ್ಳಿ ಇದೆ. ಕೊನೆಯದು ತಿಕಾಲ್ ರಾಷ್ಟ್ರೀಯ ಉದ್ಯಾನದೊಳಗೇ ಇರುವ ಕೆಲವೇ ವಸತಿಗೃಹಗಳು ಮತ್ತು ಟೆಂಟ್ ಹಾಕುವ ಜಾಗ.

ಖರ್ಚು ಜಾಸ್ತಿಯಾದರೂ ಒಂದು ರಾತ್ರಿ ಉದ್ಯಾನದ ಒಳಗೆ ಉಳಿಯಿರಿ. ಈ ಲೇಖನದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ದಿನದ ಪ್ರವಾಸಿಗರು ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸ್ ಹೊರಡುತ್ತಾರೆ. ಆಮೇಲೆ ಗುಡಿಗಳ ನಡುವಿನ ಚೌಕದಲ್ಲಿ ನೀವು, ಹಕ್ಕಿಗಳು, ಕಾವಲುಗಾರರು ಅಷ್ಟೇ. ರಾತ್ರಿ ಕರೆಂಟ್ ಕೆಲವು ಗಂಟೆ ಮಾತ್ರ ಇರಬಹುದು. ಟಾರ್ಚ್ ಒಯ್ಯಿರಿ, ಫೋನನ್ನು ಸಂಜೆಯೇ ಚಾರ್ಜ್ ಮಾಡಿಕೊಳ್ಳಿ.

ಹಣ ಮತ್ತು ಟಿಕೆಟ್

ಅಲ್ಲಿನ ಹಣ ಕೆಟ್ಸಾಲ್. ಅದು ಉದ್ದ ಬಾಲದ ಒಂದು ಹಸಿರು ಹಕ್ಕಿಯ ಹೆಸರೂ ಹೌದು. ಒಂದು ಡಾಲರ್‌ಗೆ ಏಳೂವರೆಯಿಂದ ಎಂಟು ಕೆಟ್ಸಾಲ್ ಸಿಗುತ್ತದೆ. ವಿದೇಶಿಯರಿಗೆ ಪ್ರವೇಶ 150 ಕೆಟ್ಸಾಲ್. ಬೆಳಗ್ಗೆ ಆರಕ್ಕೆ ಮುಂಚೆ ಅಥವಾ ಸಂಜೆ ಆರರ ನಂತರ ಒಳಗಿರಲು ಇನ್ನೂ 100 ಕೊಡಬೇಕು, ಜೊತೆಗೆ ಗೈಡ್ ಇರಬೇಕು. ದರ ಬದಲಾಗಿದೆಯೇ ಅಂತ ಫ್ಲೋರೆಸ್‌ನಲ್ಲೇ ಕೇಳಿಕೊಳ್ಳಿ. ಟಿಕೆಟ್ ಆ ದಿನಕ್ಕೆ ಮಾತ್ರ, ಎರಡು ದಿನಕ್ಕೆ ಎರಡು ಟಿಕೆಟ್ ಬೇಕು. ಪಾಸ್‌ಪೋರ್ಟ್ ಜೊತೆಗಿರಲಿ.

ಉದ್ಯಾನದೊಳಗೆ ಎಟಿಎಂ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಸಾಂತಾ ಎಲೆನಾದಲ್ಲೇ ಹಣ ತೆಗೆದುಕೊಳ್ಳಿ. ಮುಖ್ಯ ಗೇಟಿನಿಂದ ಹಳೆಯ ಊರಿಗೆ ಇನ್ನೂ 17 ಕಿ.ಮೀ. ಕಾಡುರಸ್ತೆ. ಆ ದಾರಿಯಲ್ಲಿ ನಿದ್ದೆ ಮಾಡಬೇಡಿ. ಕಾಡು ಟರ್ಕಿ ಕೋಳಿಗಳು ರಸ್ತೆ ದಾಟುತ್ತವೆ. ಅವುಗಳ ಗರಿ ನವಿಲಿನ ಹಾಗೆ ಹೊಳೆಯುತ್ತದೆ.

ಚೀಲದಲ್ಲಿ ಏನಿರಬೇಕು

ತಲೆಗೆ ಎರಡೂವರೆ ಮೂರು ಲೀಟರ್ ನೀರು, ಹಿಡಿತ ಇರುವ ಶೂ, ತುಂಬು ತೋಳಿನ ತೆಳು ಹತ್ತಿ ಅಂಗಿ, ಸೊಳ್ಳೆ ಹತ್ತಿರ ಬರದಂತೆ ಹಚ್ಚಿಕೊಳ್ಳುವ ಮುಲಾಮು. ಪೆಟೆನ್‌ನಲ್ಲಿ ಡೆಂಗಿ, ಮಲೇರಿಯಾ ಎರಡೂ ಇವೆ. ಚಿಕ್ಕದೊಂದು ದುರ್ಬೀನು ಇದ್ದರೆ ತುಂಬಾ ಉಪಯೋಗ. ಟೂಕಾನ್ ಹಕ್ಕಿಗಳು ಮರದ ತುದಿಯಲ್ಲೇ ಕೂರುತ್ತವೆ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಒಳಗೆ ಸಿಗ್ನಲ್ ನಂಬುವಂತಿಲ್ಲ.

ಮರಗಳ ಬಗ್ಗೆ ಒಂದು ಎಚ್ಚರಿಕೆ. ದಾರಿ ಬದಿಯ ಕಾಡಿನಲ್ಲಿ ಚೆಚೆಮ್ ಎಂಬ ಮರ ಇರುತ್ತದೆ. ಅದರ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅದು ಗೇರು ಮರದ ಕುಟುಂಬದ್ದೇ. ಗೇರು ಸೊನೆ ಸುಟ್ಟ ಅನುಭವ ಇರುವ ಕರಾವಳಿ, ಮಲೆನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ. ಗುರುತಿಲ್ಲದ ಮರಕ್ಕೆ ಒರಗಬೇಡಿ.

ಸಸ್ಯಾಹಾರಿಗಳಿಗೆ

ಹಸಿವಿನಿಂದ ಬಳಲುವುದಿಲ್ಲ. ಜೋಳದ ತೊರ್ತಿಯಾ, ಕಪ್ಪು ಬೀನ್ಸ್ ಕಾಳಿನ ಪಲ್ಯ, ಅನ್ನ, ಹುರಿದ ಬಾಳೆಹಣ್ಣು, ಬೆಣ್ಣೆಹಣ್ಣು ಎಲ್ಲ ಕಡೆ ಸಿಗುತ್ತವೆ. ಅಲ್ಲಿ ಜೋಳ ಅಂದರೆ ನಮ್ಮ ಮುಸುಕಿನ ಜೋಳ. ಆದರೆ ಬೀನ್ಸ್ ಕಾಳನ್ನು ಹಂದಿ ಕೊಬ್ಬಿನಲ್ಲಿ ಹುರಿಯುವ ರೂಢಿ ಇದೆ, ಅನ್ನಕ್ಕೆ ಕೋಳಿ ರಸ ಹಾಕುವುದೂ ಇದೆ. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ ಅರ್ಥ, ಅಷ್ಟೇ. ಕೋಳಿಯನ್ನು ಕೆಲವರು ಆ ಲೆಕ್ಕಕ್ಕೆ ತರುವುದಿಲ್ಲ. "ಸಿನ್ ಪೊಯೊ, ಸಿನ್ ಮಾಂತೇಕಾ" ಅಂತಲೂ ಸೇರಿಸಿ. ಕೋಳಿ ಬೇಡ, ಕೊಬ್ಬು ಬೇಡ ಅಂತ. ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಬಿಸಿ ತೊರ್ತಿಯಾ ಜೊತೆ ಊಟ ಸೊಗಸಾಗಿ ಆಗುತ್ತದೆ.

ಮೊದಲ ದಿನ: ಮಧ್ಯಾಹ್ನದ ನಂತರ ಮಹಾ ಚೌಕ

ಬೆಳಗ್ಗೆ ಬಂದು ಸಾಮಾನು ಇಳಿಸಿ. ಬಿಸಿಲಿನ ಹೊತ್ತನ್ನು ಮ್ಯೂಸಿಯಂಗೆ ಮತ್ತು ಸಂದರ್ಶಕರ ಕೇಂದ್ರದಲ್ಲಿರುವ ಊರಿನ ಮಾದರಿಗೆ ಕೊಡಿ. ಆ ಮಾದರಿಯ ಮುಂದೆ ಅರ್ಧ ಗಂಟೆ ನಿಂತರೆ ಮುಂದಿನ ಎರಡು ದಿನ ದಾರಿ ತಪ್ಪುವುದಿಲ್ಲ. ಒಂದೂವರೆ ಗಂಟೆಯ ಹೊತ್ತಿಗೆ ಒಳಗೆ ಹೊರಡಿ. ಪ್ರವಾಸೋದ್ಯಮ ಇಲಾಖೆಯ ಕಾರ್ಡ್ ಇರುವ ಗೈಡ್‌ಗಳು ಸಿಗುತ್ತಾರೆ. ಒಂದು ದಿನ ಗೈಡ್ ಜೊತೆ, ಇನ್ನೊಂದು ದಿನ ನೀವೇ ಸುತ್ತುವುದು ಒಳ್ಳೆಯದು.

ದಾರಿಯಲ್ಲೇ ಒಂದು ದೊಡ್ಡ ಸೇಬಾ ಮರ ಎದುರಾಗುತ್ತದೆ. ನಮ್ಮ ಕಡೆ ಬಿಳಿ ಬೂರುಗ ಅನ್ನುವುದು ಇದೇ ಜಾತಿ. ಮಾಯಾ ಜನರಿಗೆ ಅದು ಪಾತಾಳ, ಭೂಮಿ, ಆಕಾಶವನ್ನು ಜೋಡಿಸುವ ಮರ. ಗ್ವಾಟೆಮಾಲಾದ ರಾಷ್ಟ್ರೀಯ ಮರವೂ ಹೌದು.

ಮುಂದೆ ಮೊದಲು ಕ್ಯೂ ಮತ್ತು ಆರ್ ಎಂದು ಹೆಸರಿಟ್ಟಿರುವ ಜೋಡಿ ಪಿರಮಿಡ್ ಗುಂಪುಗಳನ್ನು ನೋಡಿ. ಹೆಚ್ಚಿನವರು ಇವುಗಳನ್ನು ನೋಡದೆ ದೊಡ್ಡ ಗುಡಿಗಳ ಕಡೆ ಓಡುತ್ತಾರೆ. ನೀವು ಇಲ್ಲಿ ಕೂತು ಲೆಕ್ಕ ಕಲಿಯಿರಿ.

ಮಾಯಾ ಅಂಕಿ ತುಂಬಾ ಸರಳ. ಒಂದು ಚುಕ್ಕೆ ಅಂದರೆ ಒಂದು. ಒಂದು ಗೆರೆ ಅಂದರೆ ಐದು. ಸೊನ್ನೆಗೆ ಬೇರೆ ಗುರುತಿದೆ, ಪುಸ್ತಕಗಳಲ್ಲಿ ಅದು ಚಿಪ್ಪಿನ ಹಾಗೆ ಕಾಣುತ್ತದೆ. ಎರಡು ಗೆರೆ, ಮೂರು ಚುಕ್ಕೆ ಇದ್ದರೆ ಹದಿಮೂರು. ಗೆರೆ ಅಡ್ಡ ಇರಬಹುದು, ಉದ್ದ ಇರಬಹುದು. ಒಂದೇ ಒಂದು ಜಾಗದಲ್ಲಿ ಎಡವುತ್ತೇವೆ. ಒಂದು ಅಥವಾ ಎರಡು ಚುಕ್ಕೆ ಬರುವಲ್ಲಿ ಖಾಲಿ ಜಾಗ ತುಂಬಲು ಶಿಲ್ಪಿ ಅರ್ಧಚಂದ್ರದಂಥ ಅಲಂಕಾರ ಸೇರಿಸುತ್ತಾನೆ. ಅದನ್ನು ಎಣಿಸಬಾರದು. ದುಂಡಗಿನ ಚುಕ್ಕೆ ಮಾತ್ರ ಲೆಕ್ಕ.

ಇನ್ನು ದಿನಗಣನೆ. 360 ದಿನಕ್ಕೆ ಒಂದು ತುನ್. ಇಪ್ಪತ್ತು ತುನ್ ಸೇರಿದರೆ ಒಂದು ಕತುನ್, ಅಂದರೆ 7,200 ದಿನ, ಇಪ್ಪತ್ತು ವರ್ಷಕ್ಕೆ ಸ್ವಲ್ಪ ಕಡಿಮೆ. ಇಪ್ಪತ್ತು ಕತುನ್‌ಗೆ ಒಂದು ಬಕ್ತುನ್, ಸುಮಾರು 394 ವರ್ಷ. ತಿಕಾಲ್‌ನ ರಾಜರು ಒಂದು ಕತುನ್ ಮುಗಿದಾಗ ಇಂಥ ಜೋಡಿ ಪಿರಮಿಡ್ ಕಟ್ಟಿಸುತ್ತಿದ್ದರು. ಕ್ಯೂ ಗುಂಪು 771ರದ್ದು, ಆರ್ ಗುಂಪು 790ರದ್ದು. ನಡುವಿನ ಅಂತರ ನೋಡಿ, ಒಂದು ಕತುನ್. ಈ ಪಿರಮಿಡ್‌ಗಳ ತುದಿ ಬೋಳು, ಮೇಲೆ ಗುಡಿ ಇಲ್ಲ. ನಾಲ್ಕೂ ಕಡೆ ಮೆಟ್ಟಿಲು. ಒಂದು ಸೂರ್ಯ ಹುಟ್ಟುವ ದಿಕ್ಕಿಗೆ, ಇನ್ನೊಂದು ಮುಳುಗುವ ದಿಕ್ಕಿಗೆ. ಮುಂದೆ ಸಾಲಾಗಿ ನಿಂತ ಕಲ್ಲುಗಳ ಮೇಲೆ ಕೆತ್ತನೆ ಇಲ್ಲ. ಕೆತ್ತನೆ ಇರುವುದು ಕ್ಯೂ ಗುಂಪಿನ ಉತ್ತರದ ಆವರಣದೊಳಗಿನ 22ನೇ ನಿಲುಗಲ್ಲಿನ ಮೇಲೆ. ಅದನ್ನು ನಿಲ್ಲಿಸಿದ ದಿನದ ಹೆಸರು 13 ಅಹಾವ್. ಎರಡು ಗೆರೆ, ಮೂರು ಚುಕ್ಕೆಯನ್ನು ಆ ಕಲ್ಲಿನಲ್ಲಿ ನೀವೇ ಹುಡುಕಿ. ಸಿಕ್ಕಾಗ ಆಗುವ ಖುಷಿ ಯಾವ ಫೋಟೋದಲ್ಲೂ ಇಲ್ಲ.

ಈ ಲೆಕ್ಕದಲ್ಲೇ ಊರಿನ ಆಯಸ್ಸೂ ಇದೆ. ದಿನಾಂಕ ಇರುವ ಇಲ್ಲಿನ ಅತಿ ಹಳೆಯ ನಿಲುಗಲ್ಲು 292ರದ್ದು, ಅದರ ಮೊದಲ ಅಂಕಿ, ಅಂದರೆ ಬಕ್ತುನ್‌ಗಳ ಎಣಿಕೆ, ಎಂಟು. ಊರು ಮೆರೆದ ಕಾಲದ ಕಲ್ಲುಗಳದ್ದು ಒಂಬತ್ತು. ಕೊನೆಯ ನಿಲುಗಲ್ಲು 869ರದ್ದು, ಅಷ್ಟು ಹೊತ್ತಿಗೆ ಹತ್ತು ಬಂದಿತ್ತು. ಆಮೇಲೆ ಇಲ್ಲಿ ಯಾರೂ ದಿನಾಂಕ ಕೆತ್ತಿಸಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಮಹಾ ಚೌಕಕ್ಕೆ ಬನ್ನಿ. ಹೊತ್ತು ಆರಿಸಿದ್ದಕ್ಕೆ ಕಾರಣವಿದೆ. ಸುಮಾರು 47 ಮೀಟರ್ ಎತ್ತರದ ಒಂದನೇ ಗುಡಿಯ ಮುಖ ಪಶ್ಚಿಮಕ್ಕೆ. ಸಂಜೆ ಬಿಸಿಲು ಅದರ ಒಂಬತ್ತು ಹಂತಗಳ ಮೇಲೆ ನೇರ ಬೀಳುತ್ತದೆ. ಎದುರಿನ ಎರಡನೇ ಗುಡಿಗೆ ಬೆಳಗಿನ ಬೆಳಕು ಚೆನ್ನ.

ಒಂದನೇ ಗುಡಿಯ ಕೆಳಗೆ 1962ರಲ್ಲಿ ಹಸಾವ್ ಚಾನ್ ಕಾವೀಲ್ ಎಂಬ ರಾಜನ ಸಮಾಧಿ ಸಿಕ್ಕಿತು. ಅವನು 682ರಲ್ಲಿ ಪಟ್ಟಕ್ಕೆ ಬಂದಾಗ ತಿಕಾಲ್ ಸೋತು ಸೊರಗಿದ್ದ ಊರು. ಅದಕ್ಕೂ ಹಿಂದಿನ ನೂರಕ್ಕೂ ಹೆಚ್ಚು ವರ್ಷ ಇಲ್ಲಿ ದೊಡ್ಡ ನಿಲುಗಲ್ಲುಗಳು ಏಳಲಿಲ್ಲ. 695ರಲ್ಲಿ ಅವನು ಎದುರಾಳಿ ಮಾಯಾ ಊರಾದ ಕಲಕ್ಮುಲ್‌ನ ಸೈನ್ಯವನ್ನು ಸೋಲಿಸಿದ. ಈಗ ನೀವು ಕಾಣುವ ಎತ್ತರದ ಗುಡಿಗಳಲ್ಲಿ ಬಹಳಷ್ಟು ಅವನ ಮತ್ತು ಅವನ ಮಗನ ಕಾಲದವು. ಸಮಾಧಿಯಲ್ಲಿ ಕೆತ್ತಿದ ಎಲುಬುಗಳಿದ್ದವು. ಒಂದರಲ್ಲಿ ದೇವತೆಗಳು ದೋಣಿ ಹುಟ್ಟು ಹಾಕುತ್ತಾ ಜೋಳದ ದೇವರನ್ನು ಕರೆದೊಯ್ಯುತ್ತಾರೆ.

ಈ ಗುಡಿ ಹತ್ತಲು ಬಿಡುವುದಿಲ್ಲ. ಹಿಂದೆ ಜನ ಬಿದ್ದು ಸತ್ತಿದ್ದಾರೆ. ಎರಡನೇ ಗುಡಿಗೆ ಮರದ ಮೆಟ್ಟಿಲಿದೆ, ಅಲ್ಲಿಂದ ನೋಡಿ. ಉತ್ತರ ಬದಿಯ ಗುಡಿಗಳ ಗುಂಪಿನಲ್ಲಿ, ಹುಲ್ಲಿನ ಮಾಡಿನ ಕೆಳಗೆ, ಆಳೆತ್ತರ ಮೀರಿದ ಗಾರೆಯ ಮುಖವೊಂದಿದೆ. ತಪ್ಪಿಸಬೇಡಿ.

ಚೌಕದ ಹುಲ್ಲಿನ ನಡುವೆ ಬೂದಿ ತುಂಬಿದ ದುಂಡು ಜಾಗ ಕಾಣಬಹುದು. ಅದನ್ನು ತುಳಿಯಬೇಡಿ. ಮಾಯಾ ಜನ ಇಂದಿಗೂ ಅಲ್ಲಿ ಬೆಂಕಿ ಹಚ್ಚಿ, ಧೂಪ ಹಾಕಿ ಪೂಜೆ ಮಾಡುತ್ತಾರೆ. ಮಾಯಾ ಜನ ಕಾಣೆಯಾದರು ಅಂತ ಓದಿರುತ್ತೇವೆ, ಅಲ್ವಾ? ಅದು ತಪ್ಪು. ಕೈಬಿಟ್ಟಿದ್ದು ಊರನ್ನು. ಗ್ವಾಟೆಮಾಲಾದಲ್ಲಿ ಇವತ್ತು 22 ಮಾಯಾ ಭಾಷೆಗಳಿಗೆ ಕಾನೂನಿನ ಮನ್ನಣೆ ಇದೆ. ನಿಮ್ಮ ವ್ಯಾನ್ ಓಡಿಸಿದವರ ಮನೆಮಾತು ಕೆಕ್ಚಿ ಇರಬಹುದು. ಪೂಜೆ ನಡೆಯುತ್ತಿದ್ದರೆ ದೂರ ನಿಲ್ಲಿ, ಕೇಳದೆ ಫೋಟೋ ತೆಗೆಯಬೇಡಿ.

ಎರಡನೇ ದಿನ: ನಾಲ್ಕನೇ ಗುಡಿಯಿಂದ ಶುರು

ಇದು ಎಲ್ಲಕ್ಕಿಂತ ಎತ್ತರದ್ದು, ಸುಮಾರು 65 ಮೀಟರ್. ಹಸಾವ್‌ನ ಮಗ ಯಿಕಿನ್ ಚಾನ್ ಕಾವೀಲ್ 741ರ ಸುಮಾರಿಗೆ ಕಟ್ಟಿಸಿದ. ಬುಡ ಇನ್ನೂ ಮಣ್ಣಿನಡಿ ಇದೆ, ಪಕ್ಕದ ಮರದ ಮೆಟ್ಟಿಲಿನಿಂದ ಹತ್ತಬೇಕು. ಗುಡಿಯ ಮುಖ ಪೂರ್ವಕ್ಕೆ.

ಸೂರ್ಯೋದಯಕ್ಕೆ ಹೆಚ್ಚು ದುಡ್ಡು ಕೊಟ್ಟು ಹೋಗಬೇಕೇ ಅಂತ ಎಲ್ಲರೂ ಕೇಳುತ್ತಾರೆ. ಸೂರ್ಯ ಕಾಣಲಿ ಅಂತ ಹೋಗುವುದಾದರೆ ಬೇಡ, ಎಷ್ಟೋ ದಿನ ಮಂಜಿನಲ್ಲಿ ಏನೂ ಕಾಣುವುದಿಲ್ಲ. ಕೇಳಲು ಹೋಗುವುದಾದರೆ ಖಂಡಿತ ಹೋಗಿ. ಕತ್ತಲಲ್ಲಿ ಮೊದಲ ಕೂಗುಕೋತಿ ಗರ್ಜಿಸಿದಾಗ ಅದು ಹುಲಿ ಅಂತಲೇ ಅನಿಸುತ್ತದೆ. ಒಂದು ಗುಂಪಿಗೆ ಇನ್ನೊಂದು ಗುಂಪು ಉತ್ತರ ಕೊಡುತ್ತದೆ. ಮಂಜು ಸರಿಯುತ್ತಾ ಹೋದ ಹಾಗೆ ಕಾಡಿನ ಮೇಲೆ ಮೂರನೇ, ಎರಡನೇ, ಒಂದನೇ ಗುಡಿಗಳ ತುದಿ ಕಾಣುತ್ತವೆ. ಅಲ್ಲಿ ದಯವಿಟ್ಟು ಮಾತಾಡಬೇಡಿ, ಫೋನಿನಲ್ಲಿ ಹಾಡು ಹಾಕಬೇಡಿ. ಆರಕ್ಕೆ ಸಾಮಾನ್ಯ ಟಿಕೆಟ್‌ನಲ್ಲಿ ಹೊರಟರೂ ಬೇಗ ಹೆಜ್ಜೆ ಹಾಕಿದರೆ ಈ ಕೂಗಿನ ಕೊನೆಯ ಭಾಗ ಸಿಗುತ್ತದೆ. ಮರದ ಮೇಲಿರುವ ಕೋತಿಗಳ ನೇರ ಕೆಳಗೆ ಮಾತ್ರ ನಿಲ್ಲಬೇಡಿ.

ಗುಡಿಯ ಬಾಗಿಲಿನ ಮೇಲಿನ ತೊಲೆಗಳ ಕಥೆ ನನಗೆ ತುಂಬಾ ಇಷ್ಟ. ಅವು ಕಲ್ಲಿನವಲ್ಲ, ಮರದವು. ಯಾವ ಮರ ಗೊತ್ತಾ? ಸಪೋಟ. ನಾವು ತಿನ್ನುವ ಅದೇ ಚಿಕ್ಕು ಹಣ್ಣಿನ ಮರ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಈ ಕಾಡುಗಳೇ. ಎಷ್ಟು ಗಟ್ಟಿ ಅಂದರೆ, ಸಾವಿರದ ಇನ್ನೂರು ವರ್ಷ ಕಳೆದರೂ ಕೆಲವು ತೊಲೆಗಳು ಇನ್ನೂ ಜಾಗದಲ್ಲೇ ಇವೆ. ನಾಲ್ಕನೇ ಗುಡಿಯ ಕೆತ್ತನೆಯ ತೊಲೆಗಳನ್ನು 1870ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ಗೆ ಸಾಗಿಸಿದರು, ಈಗ ಬಾಸೆಲ್‌ನ ಮ್ಯೂಸಿಯಂನಲ್ಲಿವೆ. ಅಷ್ಟು ಚಂದದ ಕೆಲಸ ತನ್ನ ಬಾಗಿಲಿನ ಮೇಲೆ ಇಲ್ಲವಲ್ಲ ಅಂತ ಬೇಸರವಾಗುತ್ತದೆ. ಕಾಡಿನಲ್ಲಿ ನಡೆಯುವಾಗ ಕಾಂಡಗಳ ಮೇಲೆ ಓರೆ ಓರೆ ಕಚ್ಚುಗಳಿರುವ ಮರ ಕಂಡರೆ ಅದೂ ಸಪೋಟವೇ. ಚೂಯಿಂಗ್ ಗಮ್‌ಗಾಗಿ ಹಾಲು ಇಳಿಸಿದ ಗುರುತು ಅದು.

ಕೆಳಗಿಳಿದು ಪೂರ್ವದ ಅಗಲ ದಾರಿ ಹಿಡಿಯಿರಿ. ಇವು ಸುಣ್ಣಗಾರೆ ಹಾಕಿ ಎತ್ತರಿಸಿದ್ದ ರಸ್ತೆಗಳು, ಮಾಯಾ ಮಾತಿನಲ್ಲಿ ಸಾಕ್ಬೆ, ಬಿಳಿ ದಾರಿ. ಇಲ್ಲಿ ಕಣ್ಣು ಪಳಗಿಸಿಕೊಳ್ಳಿ. ಪೆಟೆನ್‌ನ ನೆಲದಲ್ಲಿ ತಾನಾಗಿ ಕಡಿದಾಗಿ ಏಳುವ ಪುಟ್ಟ ದಿಬ್ಬ ಅಪರೂಪ. ನಾಲ್ಕು ಮೂಲೆ ಇರುವ, ಒಂದು ಬದಿ ಇಳಿಜಾರು ನೇರವಾಗಿರುವ ದಿಬ್ಬ ಕಂಡರೆ ಅದು ಬಹುತೇಕ ಕಟ್ಟಡವೇ. ಮೂರ್ನಾಲ್ಕು ದಿಬ್ಬಗಳು ಒಂದು ಸಮತಟ್ಟು ಜಾಗದ ಸುತ್ತ ನಿಂತಿದ್ದರೆ ಅದು ಯಾರದೋ ಮನೆಯಂಗಳ. ಒಮ್ಮೆ ಇದು ಹೊಳೆದರೆ ಆಮೇಲೆ ಕಾಡು ಕಾಡಾಗಿ ಕಾಣುವುದಿಲ್ಲ, ಬೀದಿಗಳು ಕಾಣುತ್ತವೆ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ಉತ್ತರ ಗ್ವಾಟೆಮಾಲಾದ ಕಾಡನ್ನು ಅಳೆದಾಗ, 60,000ಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿತು ಎಂದು 2018ರಲ್ಲಿ ಪ್ರಕಟವಾಯಿತು.

ಮೂರನೇ ಗುಡಿ ದಾಟಿ ಬಲಕ್ಕೆ ಹೋದರೆ ಮುಂದೊ ಪೆರ್ದಿದೊ, ಕಳೆದುಹೋದ ಲೋಕ ಅಂತ ಹೆಸರು. ಊರಿನ ಅತಿ ಹಳೆಯ ಭಾಗಗಳಲ್ಲಿ ಒಂದು, ಸೂರ್ಯನ ಚಲನೆ ನೋಡಲು ಜೋಡಿಸಿದ ಕಟ್ಟಡಗಳು. ಪಕ್ಕದ ಏಳು ಗುಡಿಗಳ ಚೌಕದಲ್ಲಿ ಮೂರು ಚೆಂಡಾಟದ ಅಂಗಳಗಳು ಒಂದರ ಪಕ್ಕ ಒಂದಿವೆ. ಅಲ್ಲಿಂದ ಐದನೇ ಗುಡಿ, 57 ಮೀಟರ್.

ಐದನೇ ಗುಡಿಗೂ ಅರಮನೆಗಳ ಗುಂಪಿಗೂ ನಡುವೆ ಆಳವಾದ ತಗ್ಗು ಇದೆ. ಹೆಚ್ಚಿನವರು ನೋಡದೆ ದಾಟುತ್ತಾರೆ. ಅದು ಕೆರೆ. ತಿಕಾಲ್‌ಗೆ ನದಿ ಇಲ್ಲ, ಬಾವಿ ತೋಡಿದರೆ ನೀರು ಸಿಗುವ ನೆಲವೂ ಅಲ್ಲ. ಸಾವಿರಾರು ಜನ ಮಳೆ ನೀರಿನಲ್ಲೇ ಬದುಕಿದರು. ಕಟ್ಟಡಕ್ಕೆ ಕಲ್ಲು ತೆಗೆದ ಗುಂಡಿಗಳೇ ಕೆರೆಗಳಾದವು. ಚೌಕಗಳಿಗೆ ಗಾರೆ ಬಳಿದು ನೀರು ಕೆರೆ ಕಡೆ ಹರಿಯುವಂತೆ ಇಳಿಜಾರು ಕೊಟ್ಟರು. ಊರಿನ ಹೆಸರಿಗೇ "ನೀರಿನ ಹೊಂಡದ ಬಳಿ" ಅನ್ನುವ ಅರ್ಥ ಹೇಳುತ್ತಾರೆ. ಕೊರಿಯೆಂತಾಲ್ ಎಂಬ ಕೆರೆಯಲ್ಲಿ ಜಿಯೊಲೈಟ್ ಎಂಬ ಖನಿಜ ಮತ್ತು ಸ್ಫಟಿಕದ ಮರಳು ಸಿಕ್ಕಿದ್ದು, ಅದು ನೀರು ಸೋಸುವ ವ್ಯವಸ್ಥೆ ಎಂದು ಸಂಶೋಧಕರು 2020ರಲ್ಲಿ ತೋರಿಸಿದರು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಅರಮನೆ ಪಕ್ಕದ ಕೆರೆಯ ಕೆಸರಿನಲ್ಲಿ ಪಾದರಸ ಸಿಕ್ಕಿತು. ಗೋಡೆಗೆ ಬಳಿದ, ಪಾದರಸ ಇರುವ ಕೆಂಪು ಬಣ್ಣ ಮಳೆಯಲ್ಲಿ ತೊಳೆದು ಸೇರಿದ್ದಂತೆ. ತಗ್ಗಿನ ಅಂಚಿನಲ್ಲಿ ಐದು ನಿಮಿಷ ನಿಂತು ನೋಡಿ.

ಇನ್ನೂ ಶಕ್ತಿ ಇದ್ದರೆ ಮೆಂದೆಸ್ ದಾರಿಯಲ್ಲಿ ಆರನೇ ಗುಡಿಗೆ ಹೋಗಬಹುದು. ಅದರ ನೆತ್ತಿಯ ಹಿಂಬದಿಯಲ್ಲಿ ದೊಡ್ಡ ದೊಡ್ಡ ಅಕ್ಷರಗಳ ಶಾಸನವಿದೆ. ದಾರಿ ನಿರ್ಜನ, ಒಬ್ಬರೇ ಹೋಗಬೇಡಿ.

ವಾಪಸ್

ಹನ್ನೊಂದರ ಹೊತ್ತಿಗೆ ಕಾಲು ಸೋತಿರುತ್ತವೆ. ಎರಡೂ ದಿನ ಸೇರಿ ಹತ್ತು ಹನ್ನೆರಡು ಕಿಲೋಮೀಟರ್ ಆಗಿರುತ್ತದೆ. ತಿಂಡಿ ಚೀಲ ಕೆಳಗಿಟ್ಟು ಕೂರಬೇಡಿ, ಉದ್ದ ಬಾಲದ ಪಿಸೋಟೆ ಪ್ರಾಣಿಗಳು ಗುಂಪಾಗಿ ಬಂದು ಎಳೆದೊಯ್ಯುತ್ತವೆ. ಫ್ಲೋರೆಸ್‌ಗೆ ಹೋಗುವ ವ್ಯಾನಿನ ಕೊನೆಯ ಸಮಯವನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ, ಸಂಜೆಯ ನಂತರ ಸಿಗುವುದು ಕಷ್ಟ.

ಫ್ಲೋರೆಸ್ ತಲುಪಿದ ಮೇಲೆ ದ್ವೀಪವನ್ನು ಒಂದು ಸುತ್ತು ನಡೆಯಿರಿ, ಇಪ್ಪತ್ತು ನಿಮಿಷ ಸಾಕು. ನೀವು ನಡೆಯುವ ಕಲ್ಲುಹಾಸಿನ ಕೆಳಗೆ ನೊಹ್ಪೆಟೆನ್ ಇದೆ. ಇತ್ಸಾ ಮಾಯಾ ಜನರ ರಾಜಧಾನಿ ಅದು. ಸ್ಪೇನಿನವರ ಕೈಗೆ ಸಿಕ್ಕಿದ್ದು 1697ರಲ್ಲಿ, ಉಳಿದ ಮಾಯಾ ರಾಜ್ಯಗಳೆಲ್ಲ ಬಿದ್ದ ಮೇಲೆ. ಸಂಜೆ ಹೊತ್ತು ದಡದಲ್ಲಿ ದೋಣಿಯವರು ಕಾಯುತ್ತಿರುತ್ತಾರೆ. ದರ ಮೊದಲೇ ಮಾತಾಡಿಕೊಂಡು ಹತ್ತಿ.